‘ಇ’ ಬಂದ್ರೆ ಟೋಕಿಯೊ ಸಿಗಲ್ವಾ?

ಪರೀಕ್ಷೆಗೆ ಮೊದಲೇ,
ಸೀಟು ಸಿಗೋ ಸಾಧ್ಯತೆ ಎಷ್ಟು ಅಂತ
ಯಾರಾದ್ರೂ ಹೇಳಿಬಿಟ್ರೆ?

ಜಪಾನ್‌ನಲ್ಲಿ ಹೇಳ್ತಾರೆ!
ಕವಾಯ್‌ಜುಕು ಥರದ ದೊಡ್ಡ ಕೋಚಿಂಗ್ ಸಂಸ್ಥೆಗಳು
ದೇಶದಾದ್ಯಂತ ಅಣಕು ಪರೀಕ್ಷೆ ನಡೆಸ್ತವೆ.
ಫಲಿತಾಂಶದ ಹಾಳೇಲಿ
ನೀವು ಬಯಸಿದ ಕಾಲೇಜಿನ ಪಕ್ಕ
ಒಂದೇ ಒಂದು ಅಕ್ಷರ.

ಎ ಅಂದ್ರೆ 80% ಮೇಲೆ.
ಸಿ ಅಂದ್ರೆ ಅರ್ಧಕ್ಕರ್ಧ.
ಇ ಅಂದ್ರೆ... 20%, ಅಥವಾ ಅದಕ್ಕೂ ಕಮ್ಮಿ.

ಇದರ ಹಿಂದಿರೋದು ‘ಹೆನ್ಸಾಚಿ’ ಅನ್ನೋ ಲೆಕ್ಕ.
ಸರಾಸರಿ ಅಂಕ ತೆಗೆದವರಿಗೆ 50.
ಪೇಪರ್ ಕಷ್ಟ ಇರ್ಲಿ, ಸುಲಭ ಇರ್ಲಿ,
ಉಳಿದವರಿಗಿಂತ ನೀವೆಷ್ಟು ಮುಂದೆ,
ಅದಷ್ಟೇ ಮುಖ್ಯ.

ಹಾಗಾದ್ರೆ ಇ ಬಂದವರ ಕಥೆ ಮುಗೀತಾ?
ಇಲ್ಲ.
ಮಳೆ ಸಾಧ್ಯತೆ 20% ಅಂದ ದಿನಾನೂ
ಛತ್ರಿ ಇಲ್ದೆ ನೆಂದಿದ್ದೀವಲ್ಲ?
ಇದೂ ಹಾಗೇ, ಮುನ್ಸೂಚನೆ ಅಷ್ಟೆ.
ಆದ್ರೂ ಮನೇಲಿ ಆ ಹಾಳೆಗೆ
ಜಾತಕದಷ್ಟು ಬೆಲೆ, ಬಿಡಿ!

ನಿಜವಾದ ಜೂಜು ಜನವರಿಯಲ್ಲಿ.
ಎರಡು ದಿನ, ಕಾಲೇಜು ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ‘ಸಾಮಾನ್ಯ ಪರೀಕ್ಷೆ’.
ಅರ್ಜಿ ಹಾಕೋ ಹೊತ್ತಿಗೆ ಅಧಿಕೃತ ಅಂಕ ಕೈಗೆ ಬಂದಿರಲ್ಲ.
ಅದಕ್ಕೇ ಮಕ್ಕಳು ಪ್ರಶ್ನೆಪತ್ರಿಕೆ ಮೇಲೇ
ತಮ್ಮ ಉತ್ತರ ಗುರುತು ಮಾಡ್ಕೊಂಡು ಬರ್ತಾರೆ.
ಆಮೇಲೆ ಕೀ ಉತ್ತರ ಇಟ್ಕೊಂಡು
ತಾವೇ ಅಂಕ ಹಾಕ್ಕೋತಾರೆ.
ಅದನ್ನ ಕೋಚಿಂಗ್‌ನೋರಿಗೆ ಕಳಿಸ್ತಾರೆ.
ಮತ್ತೆ ಎ, ಬಿ, ಸಿ...

ಟೋಕಿಯೊ ವಿಶ್ವವಿದ್ಯಾಲಯದ ಒಟ್ಟು 550 ಅಂಕದಲ್ಲಿ
ಈ ಪರೀಕ್ಷೆಗೆ ಬರೀ 110.
ಉಳಿದ 440 ಅವರದೇ ಪರೀಕ್ಷೆಗೆ.
ಅಂದ್ರೆ ಜನವರಿ ಕೈಕೊಟ್ರೂ ಎದ್ದೇಳಬಹುದು.
ತೀರಾ ಕಮ್ಮಿಯಾದ್ರೆ ಮಾತ್ರ
ಅವರ ಆ ಪರೀಕ್ಷೆ ಬರೆಯೋಕೇ ಬಿಡಲ್ಲ.

ಧೈರ್ಯ ಮಾಡಿ ಟೋಕಿಯೊಗೆ ಹಾಕ್ಬೇಕಾ?
ಕ್ಯೋಟೊಗಾ?
ಎರಡಕ್ಕೂ ಹಾಕೋಣ ಅಂದ್ರೆ ಆಗಲ್ಲ.
ಎರಡೂ ಕಡೆ ಪರೀಕ್ಷೆ ಶುರುವಾಗೋದು
ಒಂದೇ ದಿನ, ಫೆಬ್ರವರಿ 25.