“ಹೌಡಿ!” ಎನ್ನುವ ಅಮೆರಿಕ

ಅಮೆರಿಕವೆಂದೊಡನೆ ಮುಗಿಲು ಮುಟ್ಟುವ ಮಹಲುಗಳೂ ಗಡಿಯಾರದೊಡನೆ ಪಂದ್ಯ ಕಟ್ಟಿ ಓಡುವ ಜನರೂ ಕಣ್ಣ ಮುಂದೆ ಸುಳಿಯುವುದು ಸಹಜ. ಆದರೆ ಟೆಕ್ಸಾಸಿನ ಬಯಲುಗಳಲ್ಲಿ, ಟೆನೆಸಿಯ ಬೆಟ್ಟದ ತಪ್ಪಲುಗಳಲ್ಲಿ ಇನ್ನೊಂದು ಅಮೆರಿಕವುಂಟು. ಅಲ್ಲಿಯ ಹಳ್ಳಿಯ ದಾರಿಯಲ್ಲಿ ಎದುರು ಕಾರಿನವನು ಅಪರಿಚಿತನಾದರೂ, ಸ್ಟಿಯರಿಂಗ್ ಬಿಡದೆಯೇ ಒಂದು ಬೆರಳನ್ನೆತ್ತಿ ವಂದಿಸಿ ಮುಂದೆ ಸಾಗುತ್ತಾನೆ. ಅಂಗಡಿಯ ಬಾಗಿಲಲ್ಲಿ ಕಂಡವರು “ಹೌಡಿ!” ಎಂದು ಮುಗುಳ್ನಗುತ್ತಾರೆ.

“ಹೌಡಿ” ದನಗಾಹಿಗಳ ಒರಟು ಮಾತೆಂದು ಪಟ್ಟಣಿಗರು ಹಾಸ್ಯ ಮಾಡುವುದುಂಟು. ಅದರ ಮೂಲವನ್ನು ಶೋಧಿಸಿದರೋ, “ಹೇಗಿದ್ದೀರಿ?” ಎಂಬರ್ಥದ “ಹೌ ಡು ಯೆ” ಎಂಬ ಹಳೆಯ ಇಂಗ್ಲಿಷ್ ಕುಶಲಪ್ರಶ್ನೆಯೇ ಬಾಯಿಂದ ಬಾಯಿಗೆ ಸವೆದು ಹೀಗಾಗಿದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಅದೇ ಅಧಿಕೃತ ವಂದನೆ.

ದಕ್ಷಿಣದವರ “ಯಾಲ್” ಇನ್ನೂ ಸ್ವಾರಸ್ಯವಾದುದು. “ದೌ” ಎಂಬ ಏಕವಚನ ಬಳಕೆ ತಪ್ಪಿದ ಮೇಲೆ ಶಿಷ್ಟ ಇಂಗ್ಲಿಷಿನಲ್ಲಿ ಒಬ್ಬನಿಗೂ ಹತ್ತು ಮಂದಿಗೂ “ಯು” ಒಂದೇ ಉಳಿಯಿತು. ನೀನು, ನೀವು ಎಂದು ಬೇರೆ ಬೇರೆಯಾಗಿ ಕರೆಯಬಲ್ಲ ಕನ್ನಡಿಗನಿಗೆ ಈ ಬಡತನ ವಿಚಿತ್ರವೆನಿಸೀತು. ಪಂಡಿತರು ತುಂಬದ ಆ ಕೊರತೆಯನ್ನು “ಯು”, “ಆಲ್” ಎಂಬೆರಡು ಪದಗಳನ್ನು ಬೆಸೆದು ಜನಸಾಮಾನ್ಯರೇ ತುಂಬಿಕೊಂಡರು.

“ನಾಳೆ ಬರುವೆಯಾ?” ಎಂದು ಕೇಳಿದರೆ, “ದೇವರ ಚಿತ್ತವಿದ್ದು, ಹಳ್ಳವೇರದಿದ್ದರೆ” ಎಂಬ ಉತ್ತರ ಬಂದೀತು. ಮಳೆಗೆ ಹಳ್ಳ ಉಕ್ಕಿದರೆ ದಾರಿಯೇ ಮುಚ್ಚಿತೆಂದು ಬಲ್ಲವರ ಮಾತದು. ಕಡುಕೋಪಿಯನ್ನು ಅವರು ನೀರಲ್ಲಿ ತೊಯ್ದ ಹೇಂಟೆಗೆ ಹೋಲಿಸುತ್ತಾರೆ. “ನಿನ್ನ ಹೃದಯಕ್ಕೆ ದೇವರು ಒಳಿತು ಮಾಡಲಿ” ಎಂಬುದು ಮಾತ್ರ ಒಮ್ಮೆ ಮರುಕ, ಒಮ್ಮೆ ಸವಿಮಾತಿನ ಚುಚ್ಚು. ಯಾವುದೆಂಬುದನ್ನು ದನಿಯೇ ಹೇಳಬೇಕು.

ಇಂಥ ನುಡಿಯಾಡುವವರನ್ನು ಅಜ್ಞಾನಿಗಳೆಂದು ಎಣಿಸಿದವರು ಕಡಮೆಯಿಲ್ಲ. ಆ ನಗೆಗೆ ಅಂಜಿ ಮನೆಯ ಮಾತನ್ನು ಮನೆಯಲ್ಲೇ ಬಿಟ್ಟು ಪಟ್ಟಣ ಸೇರಿದವರೂ ಉಂಟು. ಆದರೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಕ್ಯಾಸಿಡಿ ಆ ಮಾತಿನ ಬೆಲೆಯನ್ನರಿತರು. 1965ರಿಂದ 1970ರವರೆಗೆ ಅವರ ಸಂಗಡಿಗರು 1,002 ಊರುಗಳಿಗೆ ಹೋಗಿ, ಜನರೆದುರು ಕುಳಿತು, ಅವರ ನುಡಿಗಳನ್ನು ಬರೆದುಕೊಂಡರು. ಅಮೆರಿಕದ ಪ್ರಾದೇಶಿಕ ಇಂಗ್ಲಿಷಿನ ಆ ನಿಘಂಟಿನ ಮೊದಲ ಸಂಪುಟ 1985ರಲ್ಲಿ ಬೆಳಕು ಕಂಡಿತು. ಕೊನೆಯ ಅಕ್ಷರವನ್ನು ಮುಟ್ಟಿದ ಸಂಪುಟ ಹೊರಬಂದದ್ದು 2012ರಲ್ಲಿ. ಅದನ್ನು ಕಾಣಲು ಕ್ಯಾಸಿಡಿ ಇರಲಿಲ್ಲ, 2000ದಲ್ಲಿಯೇ ತೀರಿಕೊಂಡಿದ್ದರು. ಅವರ ಸಮಾಧಿಯ ಕಲ್ಲಿನ ಮೇಲಿರುವುದು ಅವರದೇ ಘೋಷವಾಕ್ಯ: “ಕೊನೆಯ ಅಕ್ಷರದತ್ತ ಸಾಗೋಣ!”