ಗಾಡಿ ಎತ್ತು ಬೆದರಿದರೆ ಬಾರುಕೋಲು ಕೆಳಗಿಡಿ

ಮೂರು ವರ್ಷದ ಹಿಂದಿನ ಮಾತು. ರಾಗಿಹುಲ್ಲು ಹೇರಿಕೊಂಡು ಡಾಂಬರು ರಸ್ತೇಲಿ ಮನೆಗೆ ಬರುತ್ತಿದ್ದೆ. ಹಿಂದಿನಿಂದ ಬಂದ ಲಾರಿ ಒಮ್ಮೆಲೇ ಹಾರ್ನ್ ಹೊಡೆಯಿತು. ಬಲಗಡೆ ಕಟ್ಟಿದ್ದ ನಾಲ್ಕು ಹಲ್ಲಿನ ಹೋರಿ ಎಗರಿತು. ನಾನು ಹಗ್ಗ ಜಗ್ಗಿ ಎರಡು ಬಾರಿಸಿದೆ. ಅದು ಇನ್ನಷ್ಟು ಹೆದರಿ, ಜೊತೆ ಎತ್ತನ್ನೂ ತಳ್ಳಿಕೊಂಡು ಚರಂಡಿಗೆ ಇಳಿಯಿತು. ಗಾಡಿ ಮಗುಚಿತು. ಮೂಕಿಯೂ ಮುರೀತು, ನನ್ನ ಎಡಗೈಯೂ ಮುರೀತು.

"ಈ ಹೋರಿ ಆಗಿಬರಲ್ಲ, ಕೊಟ್ಟುಬಿಡು" ಅಂದರು ಎಲ್ಲರೂ. ದಲ್ಲಾಳಿ ಅರ್ಧ ಬೆಲೆಗೆ ಕೇಳಿದ. ನೋಡಲು ಬಂದ ಹೊಳೆನರಸೀಪುರದ ಕಡೆಯ ಸೋದರಮಾವ ಮಾತ್ರ ಬೇರೆ ಹೇಳಿದರು: "ಅದಕ್ಕೆ ಲಾರಿ ಹೆದರಿಕೆ ಸ್ವಲ್ಪ ಕಣಪ್ಪ. ಲಾರಿ ಬಂದಾಗಲೆಲ್ಲ ನೀನು ಹೊಡೀತೀಯಲ್ಲ, ಆ ಹೆದರಿಕೆ ಜಾಸ್ತಿ."

ಮಾತು ನಿಜವಾಗಿತ್ತು. ಹೋರಿ ಕೊಡಲಿಲ್ಲ.

ಬೆದರುವುದು ಯಾಕೆ?

ನಮ್ಮ ಹಾಸನ ಸೀಮೆಯ ಹಳ್ಳಿಕಾರ್ ಚುರುಕು ತಳಿ. ಚುರುಕಿದ್ದಲ್ಲಿ ಬೆದರೂ ಇರುತ್ತೆ. ಆದರೆ ಮೈಸೂರು ಸೀಮೆಯ ಸೈನ್ಯಕ್ಕೆ ಫಿರಂಗಿ ಎಳೆದ ಅಮೃತಮಹಲ್ ಕೂಡ ಇದರ ಹತ್ತಿರದ ಸಂಬಂಧಿಯೇ. ಗುಂಡಿನ ಸದ್ದಿಗೆ ಪಳಗಿದ ದನಗಳ ನೆಂಟ, ಲಾರಿ ಸದ್ದಿಗೆ ಪಳಗದೆ ಇರುತ್ತಾ?

ದನದ ಕಣ್ಣು ತಲೆಯ ಎರಡೂ ಪಕ್ಕದಲ್ಲಿದೆ. ಸುತ್ತ ಬಹುಪಾಲು ಕಾಣುತ್ತೆ, ನೇರ ಬೆನ್ನ ಹಿಂದೆ ಮಾತ್ರ ಕಾಣಲ್ಲ. ಗಾಡಿಗೆ ಕಟ್ಟಿದ ಮೇಲಂತೂ ಹಿಂದೆ ಬರುವುದು ಏನೆಂದು ತಿರುಗಿ ನೋಡುವಂತೆಯೂ ಇಲ್ಲ. ನಮ್ಮ ಕಿವಿಗೆ ಕೇಳದ ಕೀರಲು ಸದ್ದೂ ಅದಕ್ಕೆ ಕೇಳುತ್ತೆ. ಬಸ್ಸಿನ ಬ್ರೇಕು 'ಸುಯ್' ಅಂದರೆ ನಮಗಿಂತ ಮೊದಲು ಅದು ಕಿವಿ ನಿಗುರಿಸುತ್ತೆ. ರಸ್ತೆ ಮೇಲಿನ ನೆರಳು, ಬಿಳಿ ಪಟ್ಟೆ, ಮೋರಿಯ ಜಾಲರಿ ಅದಕ್ಕೆ ಗುಂಡಿಯಂತೆ ಕಾಣಬಹುದು. ಅಲ್ಲಿ ನಿಂತು ತಲೆ ತಗ್ಗಿಸಿದರೆ ಹೊಡೀಬೇಡಿ. ನೋಡಲು ಬಿಡಿ, ತಾನೇ ದಾಟುತ್ತೆ.

ಮೊದಲು ಮೈ ನೋಡಿ

ಸಾಧುವಾಗಿದ್ದ ಎತ್ತು ಇದ್ದಕ್ಕಿದ್ದಂತೆ ಬೆದರಲು ಶುರು ಮಾಡಿದರೆ ಹೆಗಲ ಹುಣ್ಣು, ಮೂಗುದಾರದ ಗಾಯ, ಕಣ್ಣಿನ ಪೊರೆ ಇದೆಯಾ ನೋಡಿ. ಇದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ. ನೋವಿರುವಾಗ ಏನು ಕಲಿಸಿದರೂ ಹತ್ತಲ್ಲ.

ನಾನು ಪಳಗಿಸಿದ ಕ್ರಮ

1. ರಸ್ತೆಯಿಂದ ಒಂದು ಹೊಲದಷ್ಟು ದೂರ ಕಟ್ಟಿ ಹಸಿಹುಲ್ಲು ಹಾಕಿದೆ. ಗಾಡಿಗಳು ಹೋಗುತ್ತಿದ್ದರೂ ಮೇಯುವುದು ನಿಲ್ಲಿಸದಿದ್ದರೆ ಮಾರನೇ ದಿನ ನಾಲ್ಕು ಮಾರು ಹತ್ತಿರ. ತಲೆ ಎತ್ತಿ ಮೇವು ಬಿಟ್ಟರೆ ಮತ್ತೆ ಹಿಂದಕ್ಕೆ. ಒಂದು ತಿಂಗಳು ಹಿಡೀತು.

2. ಆಮೇಲೆ ಹಗ್ಗ ಹಿಡಿದು ರಸ್ತೆ ಅಂಚಿನಲ್ಲಿ ನಡೆಸಿದೆ. ವಯಸ್ಸಾದ ಸಾಧು ಎತ್ತು ಜೊತೆಗಿತ್ತು. ಅದು ಸುಮ್ಮನಿದ್ದರೆ ಇದೂ ಸುಮ್ಮನಿರಲು ಕಲಿಯುತ್ತೆ.

3. ಬೆದರುವ ಹೋರಿಯನ್ನು ಎಡಕ್ಕೆ ಬದಲಾಯಿಸಿದೆ. ವಾಹನ ಹಾಯುವುದು ಬಲಕ್ಕೆ, ಅಲ್ಲಿ ಹಳೇ ಎತ್ತು ಮರೆಯಾಗುತ್ತೆ. ಪಕ್ಕ ಬದಲಾಯಿಸಿದರೆ ಮೊದಲು ಹೊಲದಲ್ಲಿ ಉತ್ತು ರೂಢಿ ಮಾಡಿಸಬೇಕು.

4. ಕೊನೆಗೆ ಖಾಲಿ ಗಾಡಿ, ಜನ ಓಡಾಡದ ಹೊತ್ತು. ಹೇರು ಹಾಕಿದ್ದು ಮೂರನೇ ತಿಂಗಳು.

ಬೆದರಿದಾಗ

ಕೂಗಬೇಡಿ, ಹಗ್ಗ ಜಗ್ಗಿ ಹಿಡೀಬೇಡಿ. ನಮ್ಮ ಗಾಬರಿ ಹಗ್ಗದಲ್ಲೇ ಮೂಗಿಗೆ ತಲುಪುತ್ತೆ. ದಿನಾ ಕರೆಯುವ ದನಿಯಲ್ಲೇ ಮಾತಾಡಿಸುತ್ತಾ ಅಗಲವಾದ ಜಾಗಕ್ಕೆ ತಂದು ನಿಲ್ಲಿಸಿ. ಅದಕ್ಕೆ ಕಾಣುವಂತೆ ಪಕ್ಕದಿಂದ ಬಂದು ಗಂಗೆದೊಗಲು ಸವರಿ. ಒಮ್ಮೆ ಗಾಬರಿಯಾದ ದನ ಸರಿಹೋಗಲು 20ರಿಂದ 30 ನಿಮಿಷ ಬೇಕು. ಅಷ್ಟರೊಳಗೆ ಹೊರಟರೆ ಸಣ್ಣ ಸದ್ದಿಗೂ ಮತ್ತೆ ಎಗರುತ್ತೆ.

ಬೂಕನಬೆಟ್ಟಕ್ಕೋ ರಾಮನಾಥಪುರಕ್ಕೋ ಜಾತ್ರೆಗೆ ಹೊಡಕೊಂಡು ಹೋಗುವವರು ಜೋಡಿಯನ್ನು ಅಗಲಿಸಬೇಡಿ. ಮೈಕು, ತಮಟೆಯಿಂದ ದೂರ ಕಟ್ಟಿ. ಮನೆಯ ಹುಲ್ಲನ್ನೇ ಸ್ವಲ್ಪ ಒಯ್ಯಿರಿ, ಪರಿಚಿತ ವಾಸನೆಗೆ ಬೇಗ ಬಾಯಿ ಹಾಕುತ್ತೆ.

ಎಲ್ಲಾ ಎತ್ತೂ ರಸ್ತೆಗೆ ಪಳಗುತ್ತೆ ಅಂತ ನಾನು ಹೇಳಲಾರೆ. ಪಳಗದ್ದನ್ನು ಹೊಲದ ಕೆಲಸಕ್ಕಷ್ಟೇ ಇಟ್ಟುಕೊಳ್ಳಿ. ಮಾರುವುದಾದರೆ ಕೊಳ್ಳುವವರಿಗೆ ಬೆದರಿನ ವಿಷಯ ಮುಚ್ಚಿಡಬೇಡಿ. ಆ ಗಾಡೀಲೂ ಮಕ್ಕಳು ಕೂರುತ್ತಾರೆ.

ನನ್ನ ಹೋರಿ ಈಗ ಹೇರು ಗಾಡಿ ಎಳೆಯುತ್ತೆ. ಬಾರುಕೋಲು ಕೊಟ್ಟಿಗೆ ಸೂರಿನಲ್ಲಿದೆ. ಕಿರಿದಾದ ಸೇತುವೆ ಬಂದರೆ ಮಾತ್ರ ಈಗಲೂ ಇಳಿದು ಅದರ ಪಕ್ಕ ನಡೀತೀನಿ. ನಿಮ್ಮಲ್ಲಿ ಬೇರೆ ಉಪಾಯಗಳಿದ್ದರೆ ಬರೆದು ತಿಳಿಸಿ.