ಮಳೆ ಬಿಟ್ಟ ಮೇಲೂ ಜರಿಯುವ ಗುಡ್ಡ

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಹೂತುಹೋದರು. ಅವರಲ್ಲಿ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಒಬ್ಬರು. ಅದು ದೂರದ ಹಿಮಾಲಯದ ಕಥೆ, ನಮ್ಮ ಕಡೆ ಅಂಥ ಭಯವಿಲ್ಲ ಎಂದು ಅರಸೀಕೆರೆಯ ತೆಂಗಿನ ಸೀಮೆಯಲ್ಲಿ, ಹಳೇಬೀಡಿನ ಬಯಲಿನಲ್ಲಿ ಕೂತವರಿಗೆ ಅನ್ನಿಸುವುದು ಸಹಜ.

ನಮ್ಮಲ್ಲಿ ಹಿಮ ಇಲ್ಲ ಎನ್ನುವುದು ನಿಜ, ಭಯವಿಲ್ಲ ಎನ್ನುವುದು ನಿಜವಲ್ಲ. ಕಡಲಿಗೆ ಹತ್ತಿರದ ಹಿಮಪರ್ವತಗಳಲ್ಲಿ ವಸಂತದ ಮಳೆ ಸುರಿದರೆ ನೀರು ಹಿಮದೊಳಗೆ ಇಳಿದು ಪದರಗಳ ಹಿಡಿತ ಬಿಡಿಸುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮುಂಗಾರು ಮಣ್ಣಿಗೆ ಮಾಡುವುದೂ ಅದನ್ನೇ. ಧರ್ಮಸ್ಥಳಕ್ಕೆ, ಕುಕ್ಕೆಗೆ ಹೊರಟ ಬೇಲೂರಿನವರು, ಅರಸೀಕೆರೆಯವರು ಹೆಚ್ಚಾಗಿ ಇಳಿಯುವುದು ಈ ಘಾಟಿಗಳನ್ನೇ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ರಸ್ತೆ ಹಲವೆಡೆ ಜರಿದು ತಿಂಗಳುಗಟ್ಟಲೆ ಸಂಚಾರ ಕೆಟ್ಟಿತು. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲು ಬಳಿ ಹೆದ್ದಾರಿಗೆ ಗುಡ್ಡ ಬಿದ್ದು ವಾಹನಗಳು ಮಣ್ಣಿನಲ್ಲಿ ಸಿಕ್ಕಿಕೊಂಡವು. ಅದೇ ತಿಂಗಳು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ, ಮಂಗಳೂರು ಕಡೆಯ ರೈಲುಗಳು ಆಗಸ್ಟ್‌ವರೆಗೆ ನಿಂತವು.

“ಮಳೆ ಬಿಡ್ತು, ಇನ್ನು ಹೊರಡಬಹುದು.” ನನಗೆ ಹೆಚ್ಚು ಆತಂಕ ತರುವ ನಂಬಿಕೆ ಇದು. ಗುಡ್ಡ ಬೀಳಿಸುವುದು ಕಣ್ಣಿಗೆ ಕಾಣುವ ಮಳೆಯಲ್ಲ, ಒಳಗೆ ಇಂಗಿದ ನೀರು. ಘಾಟಿಯ ಮಣ್ಣು ಬಂಡೆಯೇ ಕೊಳೆತು ಆದದ್ದು. ಮೇಲೆ ಸಡಿಲು, ಅಡಿಯಲ್ಲಿ ಜೇಡಿ, ಅದರ ಕೆಳಗೆ ಗಟ್ಟಿ ಕಲ್ಲು. ದಿನಗಟ್ಟಲೆ ಸುರಿದ ನೀರು ಈ ಪದರಗಳ ಸಂದಿಯಲ್ಲಿ ತಡೆದು ನಿಲ್ಲುತ್ತದೆ. ಒತ್ತಡ ಏರಿದಂತೆ ಮಣ್ಣಿನ ಕಣಗಳು ಒಂದನ್ನೊಂದು ಬಿಡುತ್ತವೆ, ತೂಕ ಹೆಚ್ಚುತ್ತದೆ. ಆ ನೀರು ಬಸಿದು ಹೋಗಲು ದಿನಗಳೇ ಬೇಕು. ಬಿಸಿಲು ಬಂದ ಮಾರನೆಯ ದಿನವೂ ಧರೆ ಜರಿಯುವುದು ಇದಕ್ಕೇ.

2018ರಲ್ಲಿ ಕೊಡಗು ಕುಸಿದಾಗ “ಜಲಸ್ಫೋಟ” ಎಂಬ ಮಾತು ಹಬ್ಬಿತು, ಗುಡ್ಡದ ಹೊಟ್ಟೆಯಲ್ಲಿ ನೀರಿನ ಕೊಳವೇ ಒಡೆಯಿತೆಂಬಂತೆ. ಜುಲೈನ ಸಣ್ಣ ಭೂಕಂಪವೇ ಕಾರಣ ಎಂದವರೂ ಇದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಬೊಟ್ಟು ಮಾಡಿದ್ದು ವಿಪರೀತ ಮಳೆಯತ್ತ, ಮನೆ ಮತ್ತು ರಸ್ತೆಗಾಗಿ ಇಳಿಜಾರು ಕಡಿದದ್ದರತ್ತ. ಗುಡ್ಡದ ಬುಡ ಅದರ ಊರುಗೋಲು. ಜೆಸಿಬಿಯಿಂದ ಅದನ್ನು ನೆಟ್ಟಗೆ ಕೊಯ್ದರೆ ಮೇಲಿನ ಭಾರಕ್ಕೆ ಆಸರೆಯೇ ಇರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಕುಸಿದದ್ದೂ ಹೆದ್ದಾರಿಯ ಪಕ್ಕದ ಗುಡ್ಡವೇ.

“ಮರ ಇದ್ದರೆ ಗುಡ್ಡ ಬೀಳದು” ಎಂಬುದು ಅರ್ಧ ಸತ್ಯ. ಬೇರು ಮೇಲ್ಮಣ್ಣನ್ನು ಬಿಗಿಹಿಡಿಯುತ್ತದೆ, ಆದ್ದರಿಂದ ಕಾಡು ಕಡಿಯುವುದು ತಪ್ಪೇ. ಆದರೆ ಬೇರಿನ ಆಳಕ್ಕಿಂತ ಕೆಳಗೆ ಪದರ ಜಾರಿದರೆ ಮರಗಳು ನಿಂತ ಹಾಗೇ ಕೆಳಗೆ ಬರುತ್ತವೆ.

ಗುಡ್ಡ ಹೇಳದೆ ಕೇಳದೆ ಬೀಳುತ್ತದೆ ಎನ್ನುವುದೂ ಎಷ್ಟೋ ಸಲ ಸರಿಯಲ್ಲ. ತೋಟದ ನೆಲದಲ್ಲಿ ಹೊಸ ಬಿರುಕು, ವಾಲಿದ ಕರೆಂಟ್ ಕಂಬ, ಗೋಡೆಯ ಸೀಳು, ಎಂದೂ ಇಲ್ಲದ ಕಡೆ ಜಲ ಏಳುವುದು, ತಿಳಿಯಾಗಿದ್ದ ಹಳ್ಳ ಒಮ್ಮೆಲೇ ಕೆಂಪಾಗುವುದು ಅಥವಾ ಬತ್ತುವುದು: ಇವು ಕಂಡರೆ ಅದು ಜಾಗ ಬಿಡಬೇಕಾದ ಹೊತ್ತು. ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ತೋಟದವರೂ ಇವನ್ನು ಗಮನಿಸಬೇಕು.

ಈ ಮಳೆಗಾಲ ಘಾಟಿ ಇಳಿಯುವ ಮೊದಲು ರಸ್ತೆ ತೆರೆದಿದೆಯೇ ಎಂದು ಕೇಳಿಕೊಳ್ಳಿ. ಕಡಿದ ಧರೆಯ ಕೆಳಗೆ ಗಾಡಿ ನಿಲ್ಲಿಸಿ ಫೋಟೊ ತೆಗೆಯಬೇಡಿ. ಪೊಲೀಸರು ತಡೆದರೆ ವಾಪಸು ಬನ್ನಿ, ದೇವರ ದರ್ಶನ ಮುಂದಿನ ವಾರವೂ ಆದೀತು.